ಪಿಟೀಲು ಫೋನ್ ಎತ್ತುವ ದಿನ

೯ ಜನವರಿ

ಈ ಕಾಗದವನ್ನು ಒಡೆದು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ನೆಟ್ಟಗೆ ಕುಳಿತುಕೊಳ್ಳಿ. ಲಕೋಟೆಯ ಮೇಲೆ ನನ್ನ ಮೊಮ್ಮಗಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅದು ನಿಮ್ಮ ಹೆಸರಲ್ಲ ಎಂದು ನಿಮಗೂ ಗೊತ್ತು. ಆದರೂ ಹರಿದಿರಿ. "ದೊಡ್ಡ ಆಫೀಸಿನಲ್ಲಿ ಹಾಗೇನೇ ಅಮ್ಮ, ಬಂದ ಟಪಾಲನ್ನ ಮೊದಲು ಬೇರೆ ಯಾರೋ ನೋಡ್ತಾರೆ" ಎಂದು ನನ್ನ ಮಗಳು ಹೇಳಿದಾಗ ನಾನು ನಂಬಿರಲಿಲ್ಲ. ಬೇರೆಯವರ ಮನೆಯ ಮಾತು ಓದುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಒಳ್ಳೆಯ ಕಾಲ ಬಂತು. ಓದುವುದಾದರೆ ಪೂರ್ತಿ ಓದಿ. ಅರ್ಧಕ್ಕೆ ಬಿಟ್ಟು ಬುಟ್ಟಿಗೆ ಎಸೆದರೆ ನಾನೇ ಅಲ್ಲಿಗೆ ಬರುತ್ತೇನೆ. ನನಗೆ ನೋವಿರುವುದು ಮಂಡಿಯಲ್ಲಿ. ಬಾಯಿ ಗಟ್ಟಿಮುಟ್ಟಾಗಿದೆ.

ನಾನು ಯಾರು ಎಂದರೆ, ಬಟ್ಟೆಯ ಹೊಲಿಗೆ ಬಿಚ್ಚಿ ಅಳತೆಗೆ ಸರಿಮಾಡಿಕೊಡುವ ಆಲ್ಟರೇಶನ್ ಅಂಗಡಿಯವಳು. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಅಷ್ಟರಲ್ಲಿ ಇಷ್ಟು ಬರೆಯಲು ಬರುತ್ತದೆ, ನೋಡಿಕೊಳ್ಳಿ. ನನ್ನ ಮೊಮ್ಮಗಳು ಬಿಲ್ಲಿಂಗ್ ಯಂತ್ರದ ಕಂಪನಿಯಲ್ಲಿದ್ದಳು. ಅಂಗಡಿ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಕಿರ್ ಎಂದು ಚೀಟಿ ಉಗುಳುತ್ತದಲ್ಲ, ಆ ಯಂತ್ರ. ಅಲ್ಲಿ ಅವಳು ದೊಡ್ಡ ಅಧಿಕಾರಿ. ಆ ಯಂತ್ರ ಕಂಡಲ್ಲೆಲ್ಲ ನಾನು ಅಂಗಡಿಯವರಿಗೆ "ಇದು ನಮ್ಮದು" ಎನ್ನುತ್ತಿದ್ದೆ. ಈಗ ಅದನ್ನು ಬಿಟ್ಟು ನಿಮ್ಮಲ್ಲಿಗೆ ಬಂದಿದ್ದಾಳಂತೆ. ನೀವು ಕಂಪನಿಗಳನ್ನೇ ಕೊಳ್ಳುವವರಂತೆ. ಮನೆ ವಿಳಾಸಕ್ಕೆ ಬರೆದರೆ ಉತ್ತರವಿಲ್ಲ. ಫೋನ್ ಮಾಡಿದರೆ "ಮೀಟಿಂಗ್ ಅಜ್ಜಿ, ಆಮೇಲೆ ಮಾಡ್ತೀನಿ" ಎನ್ನುತ್ತಾಳೆ. ಆ ಆಮೇಲೆ ಇನ್ನೂ ಬಂದಿಲ್ಲ.

ಅಷ್ಟು ದೊಡ್ಡ ಕೆಲಸವನ್ನು ಯಾರಾದರೂ ತಾವಾಗಿ ಬಿಡುತ್ತಾರೆಯೇ? ತೆಗೆದುಹಾಕಿದರೇ? ಅವಳ ತಪ್ಪೇನು? ನಿಮ್ಮಲ್ಲಿ ಅವಳು ಮಾಡುವುದಾದರೂ ಏನು? ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಕಾಗದವನ್ನು ಅವಳ ಕೈಗೆ ಕೊಡಿ, "ನಿಮ್ಮಜ್ಜಿ ಕೋಪದಲ್ಲಿದ್ದಾರೆ" ಎಂದು ಹೇಳಿ.

ಪಿಟೀಲಿನ ಅಜ್ಜಿ
(ಪಿಟೀಲು ಎಂದರೆ ಅವಳೇ. ತೊಟ್ಟಿಲಲ್ಲಿದ್ದಾಗ ಅಳು ಹಾಗಿತ್ತು.)


೨೦ ಜನವರಿ

ಮಾನ್ಯರೇ,

ತಮ್ಮ ದಿನಾಂಕ ೯ರ ಪತ್ರ ತಲುಪಿದೆ. ನಮ್ಮ ಪಾಲುದಾರರ ವೃತ್ತಿ ಹಿನ್ನೆಲೆಯ ಬಗ್ಗೆ ತಾವು ತೋರಿದ ಆಸಕ್ತಿಗೆ ಧನ್ಯವಾದಗಳು. ಇಂತಹ ವಿಚಾರಣೆಗಳಿಗೆ ನಾವು ಕಳುಹಿಸುವ ಅಧಿಕೃತ ಪರಿಚಯ ಹೀಗಿದೆ:

"ಪಾಲುದಾರರು ಒಂದು ದಶಕಕ್ಕೂ ಹೆಚ್ಚು ಕಾಲ ತಂತ್ರಜ್ಞಾನ ಕ್ಷೇತ್ರದಲ್ಲಿ ನಾಯಕತ್ವದ ಹುದ್ದೆಗಳನ್ನು ನಿರ್ವಹಿಸಿದ್ದಾರೆ. ಬಿಲ್ಲಿಂಗ್ ತಂತ್ರಜ್ಞಾನ ಸಂಸ್ಥೆಯೊಂದರಲ್ಲಿ ಅನುಸ್ಥಾಪನಾ ವಿಭಾಗದ ವ್ಯವಸ್ಥಾಪಕರು, ಗ್ರಾಹಕ ಸೇವಾ ನಿರ್ದೇಶಕರು ಹಾಗೂ ಕಾರ್ಯಾಚರಣೆ ವಿಭಾಗದ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದ್ದಾರೆ. ಪ್ರಸ್ತುತ ನಮ್ಮ ಹೂಡಿಕೆ ಸಂಸ್ಥೆಯಲ್ಲಿ, ಮಧ್ಯಮ ಗಾತ್ರದ ಕಂಪನಿಗಳನ್ನು ಗುರುತಿಸಿ, ಖರೀದಿಸಿ, ಬೆಳೆಸುವ ಹೊಣೆ ಹೊತ್ತಿದ್ದಾರೆ."

ಇತರ ಪ್ರಶ್ನೆಗಳಿಗೆ ಉತ್ತರಿಸುವ ಅಧಿಕಾರ ನನಗಿಲ್ಲ. ತಮ್ಮ ಪತ್ರವನ್ನು ಅವರ ಮೇಜಿನ ಮೇಲೆ ಇರಿಸಿದ್ದೇನೆ. ಕೋಪದ ವಿಷಯವನ್ನೂ ತಿಳಿಸಿದ್ದೇನೆ.

ಆಪ್ತ ಕಾರ್ಯದರ್ಶಿ

(ಅಜ್ಜಿ, ನೆಟ್ಟಗೆ ಕುಳಿತೇ ಓದಿದೆ.)


೨೮ ಜನವರಿ

ಪಿಟೀಲು,

ನಿನ್ನ ಕಾರ್ಯದರ್ಶಿ ಗಂಜಿ ಹಾಕಿದ ಕಾಲರಿನ ಹಾಗೆ ಬರೆದಿದ್ದಾಳೆ. ಕೊನೆಯ ಸಾಲಿನಲ್ಲಿ ಮಾತ್ರ ಮನುಷ್ಯಳಾಗಿದ್ದಾಳೆ. ಒಳ್ಳೆಯ ಹುಡುಗಿ, ಬಿಡಬೇಡ.

ಆ ಪರಿಚಯವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಹಲ್ಲಿನ ಡಾಕ್ಟರು ಪ್ಯಾಂಟಿನ ಅಂಚಿಗೆ ಗುಂಡುಪಿನ್ನು ಚುಚ್ಚಿಸಿಕೊಳ್ಳುತ್ತಾ ಸ್ಟೂಲಿನ ಮೇಲೆ ನಿಂತಿದ್ದರು.

"ಯಾರ ಬಗ್ಗೆ ಅಜ್ಜಿ ಇದು? ತೀರಿಕೊಂಡರಾ?" ಎಂದು ಕೇಳಿದರು.

"ನನ್ನ ಮೊಮ್ಮಗಳ ಬಗ್ಗೆಯಂತೆ. ಬದುಕಿದ್ದಾಳೆ, ಕಾಗದ ಬರೆಯುವುದಿಲ್ಲ ಅಷ್ಟೇ" ಎಂದೆ.

ನಿನ್ನಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನಕ್ಕಳು. ನನಗೆ ನಗು ಬರಲಿಲ್ಲ. ಆ ಕಾಗದದಲ್ಲಿ ಇರುವುದು ಯಾರು? ನನಗಂತೂ ಪರಿಚಯವಿಲ್ಲ. ಅನುಸ್ಥಾಪನಾ ವಿಭಾಗ ಎಂದರೇನು ಎಂದು ನಿನ್ನಮ್ಮನನ್ನು ಕೇಳಿದೆ. ಅಂಗಡಿಗಳಿಗೆ ಹೋಗಿ ಯಂತ್ರ ಕೂರಿಸುವುದು ಎಂದಳು. ಹಾಗಾದರೆ ಹಾಗೆಯೇ ಬರೆಯಬಾರದೇ? ಹೆಗಲ ಮೇಲೆ ಯಂತ್ರ ಹೊತ್ತು ಮೆಟ್ಟಿಲು ಹತ್ತಿದವಳು ನೀನು. ಔಷಧಿ ಅಂಗಡಿಯ ಮೇಜಿನ ಕೆಳಗೆ ನುಗ್ಗಿ ತಂತಿ ಎಳೆಯುವಾಗ ಅವರ ಬೆಕ್ಕು ನಿನ್ನ ಮೂಗು ಪರಚಿತ್ತು. ಆ ಗಾಯ ಇಟ್ಟುಕೊಂಡೇ ಇಲ್ಲಿಗೆ ಬಂದು, "ಅಜ್ಜಿ, ಯಂತ್ರ ನಡೀತು" ಎಂದು ಕುಣಿದೆ. ಬೆಕ್ಕಿನ ಸುದ್ದಿ ಎಲ್ಲಿ ಅದರಲ್ಲಿ?

ಅದಕ್ಕೂ ಮೊದಲಿನದು ಇನ್ನೊಂದಿದೆ. ನೀನು ಗಲ್ಲಾಪೆಟ್ಟಿಗೆಯ ಎತ್ತರ ಇದ್ದಾಗಿನ ಮಾತು. ಯಾರೋ ಕೋಟಿನ ತೋಳು ಗಿಡ್ಡವಾಯಿತೆಂದು ಅಂಗಡಿ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದರು. ನಾನೂ ಬಿಡುವವಳಲ್ಲ, ಇಬ್ಬರೂ ಶುರುಮಾಡಿದ್ದೆವು. ನೀನು ನಡುವೆ ಬಂದು ನಿಂತು, "ಅವಸರ ಇಲ್ಲ, ಮೊದಲಿಂದ ಹೇಳಿ" ಎಂದೆ. ಆ ಮನುಷ್ಯ ಸುಮ್ಮನಾದ. ಮೊದಲಿಂದ ಹೇಳಿದ. ಹೇಳುತ್ತಾ ಹೇಳುತ್ತಾ, ಕೋಟು ತನ್ನದಲ್ಲ, ತಮ್ಮನದು ಎಂದು ಅವನಿಗೇ ಹೊಳೆಯಿತು. ಆ ಮಾತನ್ನು ನಿನಗೆ ಯಾರು ಕಲಿಸಿದರೋ ಗೊತ್ತಿಲ್ಲ. ನಾನಂತೂ ಅಲ್ಲ. ನನಗೆ ಹುಟ್ಟಿನಿಂದ ಅವಸರ.

ಕೆಲಸ ಯಾಕೆ ಬಿಟ್ಟೆ? ಬಿಡಿಸಿದರಾ? ನೇರವಾಗಿ ಬರೆ. ಸುತ್ತಿ ಬಳಸಿ ಬರೆದರೆ ನನಗೆ ಗೊತ್ತಾಗುತ್ತದೆ.

ಅಜ್ಜಿ


೧೫ ಫೆಬ್ರವರಿ

ಪ್ರೀತಿಯ ಅಜ್ಜಿ,

ತಪ್ಪಾಯಿತು. ನಿನ್ನ ಕಾಗದಗಳೆಲ್ಲ ನನ್ನ ಕೈಚೀಲದಲ್ಲೇ ಇವೆ. ಊರೂರು ಸುತ್ತುವಾಗ ಓದುತ್ತೇನೆ. ಉತ್ತರ ಬರೆಯಲು ಕುಳಿತರೆ ಏನನ್ನು ಬರೆಯಲಿ ಎಂದು ತಿಳಿಯದೆ ಏಳುತ್ತೇನೆ.

ಯಾರೂ ತೆಗೆದುಹಾಕಲಿಲ್ಲ. ಬದಲಾವಣೆ ಬೇಕೆನಿಸಿತು, ಬಂದೆ. ಇಲ್ಲಿಯ ಕೆಲಸವನ್ನು ನಿನಗೆ ಹೀಗೆ ಹೇಳಬಹುದು. ಚೆನ್ನಾಗಿ ಕಟ್ಟಿದ ಒಂದು ಕಂಪನಿ ಇರುತ್ತದೆ. ಕಟ್ಟಿದವರಿಗೆ ವಯಸ್ಸಾಗಿರುತ್ತದೆ, ಅಥವಾ ಮುಂದಕ್ಕೆ ಒಯ್ಯುವ ಶಕ್ತಿ ಇರುವುದಿಲ್ಲ. ಹಲವರು ನಂಬಿ ಒಪ್ಪಿಸಿದ ಬಂಡವಾಳದಿಂದ ನಾವು ಅದನ್ನು ಕೊಳ್ಳುತ್ತೇವೆ. ಕೆಲವು ವರ್ಷ ಜೊತೆಗಿದ್ದು ಸರಿಮಾಡುತ್ತೇವೆ. ಬೆಳೆದ ಮೇಲೆ ಬೇರೊಬ್ಬರಿಗೆ ಕೊಡುತ್ತೇವೆ. ಇಲ್ಲಿರುವ ಹಿರಿಯರಲ್ಲಿ ಅನೇಕರು ನನ್ನ ಹಾಗೆ ಮೊದಲು ತಂತ್ರಜ್ಞಾನದ ಕಂಪನಿಗಳನ್ನು ನಡೆಸಿದವರೇ. ಒಬ್ಬರು ಚಿಪ್ ಕಾರ್ಖಾನೆಯಲ್ಲಿ ಬಿಳಿ ಗೌನು ತೊಟ್ಟು ಇಪ್ಪತ್ತು ವರ್ಷ ಕಳೆದವರು. ಈಗಲೂ ಯಾರ ಮನೆಗೆ ಹೋದರೂ ಕಿಟಕಿಯ ಧೂಳನ್ನು ಬೆರಳಲ್ಲಿ ಒರೆಸಿ ನೋಡುತ್ತಾರೆ. ನಿನಗೆ ಹಿಡಿಸುತ್ತಾರೆ.

ನನ್ನನ್ನು ಪಾಲುದಾರಳೆಂದು ಕರೆದರೂ ಈ ವರ್ಷ ಪರೀಕ್ಷೆಯ ವರ್ಷ. ಮಾರ್ಚ್ ಮುಗಿಯುವ ಮೊದಲು ಒಂದು ಕಂಪನಿಯನ್ನಾದರೂ ತರಬೇಕು. ತರದಿದ್ದರೆ ಕುರ್ಚಿ ಖಾಲಿ ಮಾಡಬೇಕು. ನಾನು ಆರಿಸಿಕೊಂಡಿರುವುದು ಲಿಫ್ಟುಗಳನ್ನು ನೋಡಿಕೊಳ್ಳುವ ಒಂದು ಕಂಪನಿ. ಅದರ ಯಜಮಾನರು ಮೆಕ್ಯಾನಿಕ್ ಆಗಿದ್ದವರು. ಲಿಫ್ಟು ಕೆಡುವ ಮೊದಲೇ ಸೂಚನೆ ಕೊಡುವ ಪೆಟ್ಟಿಗೆಯೊಂದನ್ನು ಮಾಡಿದ್ದಾರೆ. ಅಂಥದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅವರ ಮಗಳು ದನಕರುಗಳ ಡಾಕ್ಟರು. ಅವಳಿಗೆ ಲಿಫ್ಟು ಬೇಡ. ಕೊಳ್ಳಲು ಬಂದವರನ್ನೆಲ್ಲ ಇವರು ವಾಪಸ್ ಕಳಿಸಿದ್ದಾರೆ.

ನನ್ನ ಪರಿಚಯ ಕೇಳಿದರು. ನೀನು ಓದಿದೆಯಲ್ಲ, ಅದೇ ಹಾಳೆಯನ್ನು ಕಳಿಸಿದೆ. ಕೆಳಗೆ ಪೆನ್ಸಿಲಿನಲ್ಲಿ ಬರೆದು ಹಿಂದಿರುಗಿಸಿದರು: "ಇದರಲ್ಲಿ ಕುರ್ಚಿಗಳು ಕಾಣುತ್ತವೆ. ಕೂತವರು ಕಾಣುವುದಿಲ್ಲ."

ನೀನು ಹೇಳಿದ್ದನ್ನೇ ಅವರೂ ಹೇಳಿದರು. ನಿನ್ನಷ್ಟು ಉದ್ದ ಹೇಳಲಿಲ್ಲ.

ನಿನ್ನ ಪಿಟೀಲು


೨೬ ಫೆಬ್ರವರಿ

ಪಿಟೀಲು,

"ಬದಲಾವಣೆ ಬೇಕೆನಿಸಿತು" ಎಂಬುದನ್ನು ಓದಿ ಕಾಗದ ಮಡಚಿಟ್ಟು ಎದ್ದುಬಿಟ್ಟೆ. ಅದು ಬಟ್ಟೆ ಬದಲಾಯಿಸುವವರು ಹೇಳುವ ಮಾತು. ಆಮೇಲೆ ಮನಸ್ಸು ತಡೆಯದೆ ಉಳಿದದ್ದನ್ನು ಓದಿದೆ.

ಅಲ್ಲವೇ, ನೀನು ನನ್ನ ಕಸುಬಿಗೇ ಬಂದೆಯಲ್ಲ! ನಿನ್ನಮ್ಮ ಚಿಕ್ಕವಳಿದ್ದಾಗ ನಾನು ಮುಚ್ಚಿದ ದರ್ಜಿ ಅಂಗಡಿಗಳಿಂದ ಹಳೆಯ ಹೊಲಿಗೆ ಯಂತ್ರ ಕೊಳ್ಳುತ್ತಿದ್ದೆ. ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಬೆಲ್ಟು ಹಾಕಿ, ನಾನೇ ಒಂದಷ್ಟು ಕಾಲ ಅದರಲ್ಲಿ ಹೊಲಿಯುತ್ತಿದ್ದೆ. ಅದರ ಹಟ ಏನು, ಎಲ್ಲಿ ದಾರ ಕಡಿಯುತ್ತದೆ, ಯಾವ ಬಟ್ಟೆಗೆ ಮುನಿಸಿಕೊಳ್ಳುತ್ತದೆ ಎಂದು ತಿಳಿದ ಮೇಲೆ, ಹೊಸದಾಗಿ ಅಂಗಡಿ ಇಡುವ ಹೆಣ್ಣುಮಕ್ಕಳಿಗೆ ಮಾರುತ್ತಿದ್ದೆ. ಇಷ್ಟು ಹೇಳುವುದಕ್ಕೆ ನಿಮಗೆ ಕೋಟು, ಟೈ, ಕಾರ್ಯದರ್ಶಿ, ಅಧಿಕೃತ ಪರಿಚಯ! ನಾನು ಬಡ್ಡಿಯ ವ್ಯಾಪಾರ ಎಂದುಕೊಂಡಿದ್ದೆ. ಆ ಸಂಕಟದಲ್ಲಿ ನಿನ್ನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ, ಅದೆಲ್ಲ ಈಗ ದಂಡವಾಯಿತು. ಇರಲಿ, ಮುಂದೆ ಬೇಕಾದೀತು.

ಹಲ್ಲಿನ ಡಾಕ್ಟರನ್ನು ವಿಚಾರಿಸಿದೆ, ಕೆಡುವ ಮೊದಲೇ ಸೂಚನೆ ಕೊಡುವ ನಿನ್ನ ಆ ಕಂಪನಿಯ ಲಿಫ್ಟು ಅವರ ಕಟ್ಟಡದಲ್ಲೇ ಇದೆಯಂತೆ. ಹೋಗಿ ನೋಡಿ ಬಂದೆ. ಕಾವಲುಗಾರ ತಡೆದ.

"ಎಲ್ಲಿಗೆ ಅಜ್ಜಿ?"

"ಹಲ್ಲುನೋವು."

"ಬಾಯಲ್ಲಿ ಹಲ್ಲೇ ಇಲ್ಲವಲ್ಲ ಅಜ್ಜಿ!"

"ಅದಕ್ಕೇ ನೋವು. ಬಿಡು ದಾರಿ."

ಮೇಲೆ ಹೋದೆ, ಕೆಳಗೆ ಬಂದೆ, ಮತ್ತೆ ಮೇಲೆ ಹೋದೆ. ಅಲುಗಾಟವಿಲ್ಲ. ಬಾಗಿಲು ನನ್ನ ಮಂಡಿಗೆ ಕಾದು ಮುಚ್ಚಿಕೊಳ್ಳುತ್ತದೆ. ಒಳಗೆ ಒಂದು ಹಳದಿ ಗುಂಡಿ ಇದೆ, ಸಿಕ್ಕಿಕೊಂಡರೆ ಒತ್ತಬೇಕಂತೆ. ಸಿಕ್ಕಿಕೊಳ್ಳುವವರೆಗೆ ಕಾಯುವುದು ಯಾಕೆ ಎಂದು ಒತ್ತಿದೆ. ತಕ್ಷಣ ಒಬ್ಬ ಹುಡುಗಿಯ ದನಿ ಬಂತು. "ಹೇಳಿ ಅಮ್ಮ, ನಾನಿದ್ದೀನಿ." ನಾನು ಸುಮ್ಮನೆ ಒತ್ತಿದೆ ಎಂದೆ. ಅವಳಿಗೆ ಕೋಪ ಬರಲಿಲ್ಲ. "ಪರವಾಗಿಲ್ಲಮ್ಮ, ನೀವು ಹೊರಗೆ ಕಾಲಿಡೋವರೆಗೂ ಇರ್ತೀನಿ" ಎಂದಳು. ಇದ್ದಳು. ಹೊರಗೆ ಬಂದು, "ಇಳಿದೆ ಕಣಮ್ಮ" ಎಂದು ತಿರುಗಿ ಕೂಗಿದೆ. ಕಾವಲುಗಾರ ನನ್ನನ್ನೇ ನೋಡುತ್ತಿದ್ದ.

ಮಾಲು ಚೆನ್ನಾಗಿದೆ. ಕೊಂಡುಕೋ. ಆದರೆ ಯಜಮಾನನಿಗೆ ಇನ್ನೊಂದು ಹಾಳೆ ಕಳಿಸಬೇಡ. ಹೋಗಿ ಆ ಹುಡುಗಿಯ ಪಕ್ಕ ಕೂತು ಫೋನ್ ಎತ್ತು. ನಿನ್ನ ಹಳೆಯ ಕಂಪನಿಯಲ್ಲಿ ಎಂಥ ಅಧಿಕಾರಿಯೂ ತಿಂಗಳಿಗೊಂದು ದಿನ ಗ್ರಾಹಕರ ಫೋನ್ ಎತ್ತಬೇಕು ಎಂಬ ಕಟ್ಟಳೆ ಇತ್ತಲ್ಲ, ನೀನೇ ಹೇಳಿದ್ದೆ. ಆ ದಿನದ ಬಗ್ಗೆ ನನಗೆ ಇನ್ನೊಂದು ವಿಷಯ ಗೊತ್ತು. ಕೆಲಸ ಬಿಟ್ಟ ಕಾರಣ ನೀನು ಹೇಳುವವರೆಗೆ ನಾನೂ ಅದನ್ನು ಹೇಳುವುದಿಲ್ಲ.

ಅಜ್ಜಿ


೨೭ ಫೆಬ್ರವರಿ

ಅಜ್ಜಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಬೇಕು, ನಿನಗೇ ಹೇಳಬೇಕು.

ನಿನ್ನೆ ಆ ಲಿಫ್ಟಿನ ಕಂಪನಿಗೆ ಹೋಗಿ, ಒಂದು ದಿನ ಫೋನ್ ಎತ್ತಲು ಬಿಡಿ ಎಂದು ಕೇಳಿದೆ. ಯಜಮಾನರು ನನ್ನ ಬೂಟುಗಳನ್ನು ನೋಡಿದರು, ಭುಜ ಕುಣಿಸಿದರು, ಒಳಗೆ ಹೋಗು ಎಂದು ಬೆರಳು ತೋರಿಸಿದರು. ಫೋನಿನ ಕೋಣೆ ಬಿಡಿಭಾಗಗಳ ಗೋದಾಮಿನ ಹಿಂದಿದೆ. ಗ್ರೀಸಿನ ವಾಸನೆ. ಹಳೆಯ ಲಿಫ್ಟಿನ ಬಾಗಿಲೊಂದನ್ನು ಗೋಡೆಗೆ ಒರಗಿಸಿ, ಅದರ ಹಿಡಿಗೆ ಎಲ್ಲರೂ ಕೋಟು ನೇತುಹಾಕುತ್ತಾರೆ. ಅಲ್ಲಿ ಒಂದೇ ನಿಯಮ. ಕರೆ ಎತ್ತಿದವರು, ಸಿಕ್ಕಿಕೊಂಡವರು ಹೊರಗೆ ಕಾಲಿಡುವವರೆಗೆ ಫೋನ್ ಇಡುವ ಹಾಗಿಲ್ಲ. ಮೆಕ್ಯಾನಿಕ್ ಬರುವುದು ತಡವಾದರೂ, ಪಾಳಿ ಮುಗಿದರೂ.

ಮಧ್ಯಾಹ್ನ ಪಿಯಾನೋ ರಿಪೇರಿಯವರೊಬ್ಬರು ಸಿಕ್ಕಿಕೊಂಡರು. ಬೈಗುಳದ ಮಳೆ. ನಮ್ಮ ಕಂಪನಿ, ನಮ್ಮ ವಂಶ, ಲಿಫ್ಟು ಕಂಡುಹಿಡಿದವನು, ಯಾರನ್ನೂ ಬಿಡಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹುಡುಗಿ, "ನಾನು ತಗೊಳ್ಳಲಾ ಮೇಡಂ?" ಎಂದು ಸನ್ನೆ ಮಾಡಿದಳು. ಬೇಡ ಎಂದೆ. ಬೈಯುವವರು ಎಲ್ಲಾದರೂ ಒಂದು ಕಡೆ ಉಸಿರೆಳೆದುಕೊಳ್ಳುತ್ತಾರೆ ಅಜ್ಜಿ. ಅಲ್ಲಿ ಮಾತು ಇಡಬೇಕು. ಇಟ್ಟೆ. "ಅವಸರ ಇಲ್ಲ, ಮೊದಲಿಂದ ಹೇಳಿ." ಆಮೇಲೆ ಅವರು ತಮ್ಮ ಗಿರಾಕಿಗಳ ಕಥೆಯನ್ನೆಲ್ಲ ಹೇಳಿದರು. ಹೊರಗೆ ಬಂದ ಮೇಲೆ, "ನಿಮ್ಮ ಲಿಫ್ಟು ಶ್ರುತಿಯಲ್ಲಿಲ್ಲ, ನೀವು ಪರವಾಗಿಲ್ಲ" ಎಂದರು.

ಉಸಿರಿನ ಜಾಗ ಹುಡುಕುವುದನ್ನು ನಾನು ಕಲಿತದ್ದು ಎಲ್ಲಿ ಎಂದು ಹೇಳಲೇ? ನಾಲ್ಕು ವರ್ಷದ ಹಿಂದೆ, ಹಳೆಯ ಕಂಪನಿಯಲ್ಲಿ ನನ್ನ ಫೋನಿನ ದಿನ, ಒಂದು ಆಲ್ಟರೇಶನ್ ಅಂಗಡಿಯಿಂದ ಕರೆ ಬಂತು. ಯಂತ್ರ ಖಾಲಿ ಚೀಟಿ ಉಗುಳುತ್ತಿದೆ ಎಂದು ಒಬ್ಬರು ಅಜ್ಜಿ ನನ್ನನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ ಆರಿಸಿ ಬೈದರು. ಅದು ನೀನು. ನಾನು ಹೇಳಿಕೊಳ್ಳಲಿಲ್ಲ. ಕರೆ ಮಾಡಿದವರು ಯಾರೇ ಆದರೂ ಒಂದೇ ತೂಕ, ನಮ್ಮವರೆಂದು ಹೇಳಬಾರದು ಎಂಬುದು ನಮ್ಮ ರೂಢಿ. ಈಗ ಕೋಪ ಮಾಡಿಕೊಳ್ಳಬೇಡ.

ಕೆಲಸ ಬಿಟ್ಟದ್ದೂ ಆ ಫೋನಿಗಾಗಿಯೇ. ಹೊಸದಾಗಿ ಬಂದ ಮುಖ್ಯಾಧಿಕಾರಿ ಫೋನಿನ ದಿನವನ್ನು ರದ್ದು ಮಾಡಿದರು. ಅಧಿಕಾರಿಗಳ ಸಮಯ ತುಟ್ಟಿಯಂತೆ. ನಾನು ವಾದಿಸಿದೆ. "ಸ್ವಲ್ಪ ಸುಮ್ಮನಿರಿ, ಮುಂದೆ ಈ ಕುರ್ಚಿ ನಿಮ್ಮದೇ" ಎಂದರು. ಸುಮ್ಮನಿರುವುದಕ್ಕೆ ಸಿಗುವ ಕುರ್ಚಿಯಲ್ಲಿ ಕುಳಿತು ನಾನು ಏನು ಮಾತಾಡಲಿ? ಇಂಥ ಕೋಣೆ ಇರಬೇಕೋ ಬೇಡವೋ ಎಂದು ಕೊನೆಗೆ ತೀರ್ಮಾನಿಸುವವರು ಕಂಪನಿಯ ಒಡೆಯರು ಎಂದು ಆಗ ತಿಳಿಯಿತು. ಅದಕ್ಕೇ ಒಡೆಯರ ಕಡೆಗೆ ಬಂದೆ.

ಆದರೆ ಈ ಕಡೆಯೂ ಅದೇ ಮಾತು. ಆ ಕೋಣೆಯನ್ನು ಮುಚ್ಚಿ ಯಂತ್ರದ ದನಿ ಕೂರಿಸೋಣ ಎಂದು ನಮ್ಮ ಲೆಕ್ಕದವರು ಹೇಳುತ್ತಿದ್ದಾರೆ. ಯಜಮಾನರು, ಕೋಣೆ ಮುಚ್ಚುವವರಿಗೆ ಕೊಡುವುದಿಲ್ಲ ಎನ್ನುತ್ತಾರೆ. ನಾನು ನಡುವೆ ನಿಂತಿದ್ದೇನೆ. ಮಾರ್ಚ್ ಓಡಿ ಬರುತ್ತಿದೆ.

ಪಿಟೀಲು


೮ ಮಾರ್ಚ್

ಪಿಟೀಲು,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋಗಿವೆ. ನಾನು ಹೋಗಿ ಕೂತುಕೋ ಎಂದು ಬರೆಯುತ್ತಿದ್ದ ದಿನವೇ ನೀನು ಹೋಗಿ ಕೂತಿದ್ದೆ. ನನಗೆ ಬುದ್ಧಿ ಹೇಳುವ ಸುಖವನ್ನೂ ಉಳಿಸಲಿಲ್ಲವಲ್ಲ ನೀನು.

ಈಗ ನನ್ನ ಸರದಿ. ಆ ಫೋನಿನಲ್ಲಿ ನಿನ್ನ ಮೊದಲ ಮಾತಿಗೇ ನನಗೆ ಗೊತ್ತಾಗಿತ್ತು.

ಹೌದು. ಶಾಲೆ ತೆರೆಯುವ ಕಾಲ, ಅಂಗಡಿಯ ತುಂಬ ಮಕ್ಕಳು, ಅಂಚು ಬಿಚ್ಚಿದ ಯೂನಿಫಾರ್ಮಿನ ರಾಶಿ. ಆ ದರಿದ್ರ ಯಂತ್ರ ಬಿಳಿ ನಾಲಿಗೆ ಚಾಚುತ್ತಲೇ ಇತ್ತು. ಫೋನ್ ಮಾಡಿದೆ. ಆ ಕಡೆಯಿಂದ, "ಅವಸರ ಇಲ್ಲಮ್ಮ, ಮೊದಲಿಂದ ಹೇಳಿ" ಎಂದಿತು. ಈ ಮಾತನ್ನು ಈ ದನಿಯಲ್ಲಿ ಲೋಕದಲ್ಲಿ ಇನ್ನಾರು ಹೇಳುತ್ತಾರೆ? ಇಷ್ಟು ದೊಡ್ಡ ಅಧಿಕಾರಿ ಆಗಿ ಫೋನ್ ಎತ್ತುವ ಕೆಲಸಕ್ಕೆ ಇಳಿದಳೇ ಎಂದುಕೊಂಡೆ. ಕಟ್ಟಳೆಯ ವಿಷಯ ಆಗ ನನಗೆ ಗೊತ್ತಿರಲಿಲ್ಲ, ನೀನು ಹೇಳಿದ್ದು ಆಮೇಲೆ.

ಗೊತ್ತಿದ್ದೂ ಯಾಕೆ ಬೈದೆ ಎಂದು ಕೇಳುತ್ತೀಯ. ನೋಡಬೇಕಿತ್ತು ಕಣೇ. ನೀನು ಹೇಗೆ ಕೆಲಸ ಮಾಡುತ್ತೀಯ ಎಂದು ನನಗೆ ಯಾರು ತೋರಿಸುತ್ತಾರೆ? ನಿನ್ನ ಆಫೀಸಿನ ಗಾಜಿನ ಬಾಗಿಲೊಳಗೆ ನನ್ನನ್ನು ಬಿಡುತ್ತಾರೆಯೇ? ನೀನಂತೂ ಬಾಯಿಬಿಟ್ಟು ಹೇಳುವವಳಲ್ಲ. ಅದೊಂದು ಸಲ ಕಿವಿಯಾರೆ ಕೇಳುವ ಅವಕಾಶ ಸಿಕ್ಕಿತು. ಇನ್ನಷ್ಟು ಕೇಳೋಣ ಎಂದು ಇನ್ನಷ್ಟು ಬೈದೆ. ಬೈಗುಳ ಮುಗಿದುಹೋಗಿ ಹಳೆಯದನ್ನೇ ತಿರುಗಿಸಿ ಹೇಳಿದ್ದೂ ಉಂಟು. ನಿನ್ನ ದನಿ ಒಂದು ಎಳೆ ಕೂಡ ಏರಲಿಲ್ಲ. ಯಂತ್ರದ ಹೊಟ್ಟೆ ತೆರೆಸಿದೆ, ಕಾಗದದ ಸುರುಳಿಯನ್ನು ನಿನ್ನಮ್ಮ ತಲೆಕೆಳಗಾಗಿ ಹಾಕಿದ್ದಳೆಂದು ಕಂಡುಹಿಡಿದೆ. ಅದನ್ನು ಹೇಳುವಾಗಲೂ, "ಸುಮಾರು ಜನ ಹಾಗೇ ಹಾಕ್ತಾರಮ್ಮ" ಎಂದೆ. ತಪ್ಪು ನಮ್ಮದು ಎಂದು ನಮಗೆ ನಾಚಿಕೆಯಾಗದ ಹಾಗೆ ಹೇಳಿದೆ. ಫೋನಿಟ್ಟು ನಾನು ನಿನ್ನಮ್ಮನಿಗೆ, "ಆ ಹುಡುಗಿಯನ್ನ ಹೆತ್ತವರು ಪುಣ್ಯವಂತರು" ಎಂದೆ. ಅವಳು "ಹೂಂ" ಎಂದು ಇಸ್ತ್ರಿ ಮುಂದುವರಿಸಿದಳು. ಇವತ್ತಿಗೂ ಅವಳಿಗೆ ಗೊತ್ತಿಲ್ಲ.

ಬಿಳಿ ಗೌನಿನವರು, ಬೆರಳಲ್ಲಿ ಧೂಳು ನೋಡುವವರು, ಎಲ್ಲರೂ ದೊಡ್ಡವರೇ ಇರಬಹುದು. ನನ್ನ ಮೊಮ್ಮಗಳು, ಕೊಡುತ್ತೇವೆ ಎಂದ ಕುರ್ಚಿಯನ್ನು ಒಂದು ಫೋನಿಗಾಗಿ ಬಿಟ್ಟು ಬಂದವಳು. ಇದನ್ನು ಬರೆಯುವಾಗ ಕಣ್ಣಿನಲ್ಲಿ ನೀರು ಬಂತು. ಈರುಳ್ಳಿ ಹೆಚ್ಚುತ್ತಿದ್ದೇನೆ ಎಂದು ತಿಳಿದುಕೋ.

ಲೆಕ್ಕದವರ ಎದುರು ಭಾಷಣ ಮಾಡಬೇಡ. ಅವರನ್ನೂ ಹಳದಿ ಗುಂಡಿಯ ಹತ್ತಿರ ನಿಲ್ಲಿಸು. ಮಿಕ್ಕಿದ್ದು ನಿನಗೆ ಗೊತ್ತು.

ಅಜ್ಜಿ


೨೫ ಮಾರ್ಚ್

ಪಿಟೀಲು,

ಮಾರ್ಚ್ ಮುಗಿಯುತ್ತಾ ಬಂತು. ಕಾಗದವಿಲ್ಲ. ಆಗಲಿಲ್ಲ ಎಂದಾದರೆ ನೇರವಾಗಿ ಇಲ್ಲಿಗೆ ಬಾ. ಗಲ್ಲಾದ ಪಕ್ಕ ನಿನ್ನ ಸ್ಟೂಲು ಇನ್ನೂ ಇದೆ, ಹಲ್ಲಿನ ಡಾಕ್ಟರನ್ನು ಕೆಳಗಿಳಿಸುತ್ತೇನೆ. ಯಾವ ಕುರ್ಚಿ ಹೋದರೂ ನಿನ್ನನ್ನು ನೋಡಿ ನಾನು "ಇದು ನಮ್ಮದು" ಎನ್ನುವುದು ನಿಲ್ಲುವುದಿಲ್ಲ.

ಅಜ್ಜಿ


೪ ಏಪ್ರಿಲ್

ಅಜ್ಜಿ,

ಆಯಿತು!

ಕಡೆಯ ದಿನದವರೆಗೂ ಎಳೆದಾಡಿತು. ಅದಕ್ಕೇ ಬರೆಯಲಿಲ್ಲ. ನಿನ್ನ ಸ್ಟೂಲಿನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಕಡೆಯ ಸಭೆಗೆ ಹೋದೆ. ನೀನು ಹೇಳಿದ ಹಾಗೆ ಭಾಷಣ ಮಾಡಲಿಲ್ಲ. ನಮ್ಮ ಲೆಕ್ಕದ ಹಿರಿಯರನ್ನು ಆ ಕಂಪನಿಯ ಲಿಫ್ಟಿರುವ ಕಟ್ಟಡಕ್ಕೆ ಕರೆದೊಯ್ದು, ಒಳಗೆ ನಿಲ್ಲಿಸಿ, ಹಳದಿ ಗುಂಡಿ ಒತ್ತಿ ಎಂದು ಹೊರಗೆ ಬಂದೆ. ಇಳಿದು ಬಂದವರು ತಿರುಗಿ ಆ ಗುಂಡಿಯನ್ನೇ ನೋಡಿದರು. ಆಮೇಲೆ, "ಗಾಬರಿ ಆಗಬೇಡಿ ಸರ್ ಅಂದಳು. ನನಗೆ ಗಾಬರಿ ಆಗಿದೆ ಅಂತ ಅವಳಿಗೆ ಹೇಗೆ ಗೊತ್ತಾಯ್ತು?" ಎಂದರು. ಪೂರ್ತಿ ಗೆದ್ದೆ ಎನ್ನಲಾರೆ. ಮೂರು ವರ್ಷ ಕೋಣೆ ಹೀಗೇ ಇರುತ್ತದೆ, ಆಮೇಲೆ ಮತ್ತೆ ನೋಡೋಣ ಎಂದರು. ಅದನ್ನು ಒಪ್ಪಂದದಲ್ಲಿ ಬರೆಸಿದೆ. ಮೂರು ವರ್ಷದಲ್ಲಿ ಆ ಕೋಣೆಯನ್ನು ಯಾರೂ ಮುಟ್ಟಲಾಗದ ಹಾಗೆ ಬೆಳೆಸುವುದು ನನ್ನ ಕೆಲಸ.

ಯಜಮಾನರು ಸಹಿ ಹಾಕುವ ಮೊದಲು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ನಾನು ಫೋನ್ ಎತ್ತಿದ ದಿನ ಅವರು ಗೋದಾಮಿನಲ್ಲಿ ಬೆನ್ನು ತಿರುಗಿಸಿ ತೂಕಡಿಸುತ್ತಿದ್ದಾರೆ ಎಂದುಕೊಂಡಿದ್ದೆ. ಎಲ್ಲ ಕೇಳಿಸಿಕೊಂಡಿದ್ದರು.

"ಆ ಪಿಯಾನೋದವನನ್ನ ಹಿಡಿದ ರೀತಿ ಇತ್ತಲ್ಲ, ಅದನ್ನ ಯಾರ ಹತ್ತಿರ ಕಲಿತೆ?"

"ನಮ್ಮಜ್ಜಿ ಹತ್ತಿರ ಸರ್."

"ಅವರೂ ಫೋನ್ ಕೆಲಸದಲ್ಲಿದ್ದರಾ?"

"ಇಲ್ಲ ಸರ್. ಬೈಯೋ ಕಡೆ ಇದ್ದರು."

ಗ್ರೀಸಿನ ಕೈಯಿಂದಲೇ ಕಣ್ಣೊರೆಸಿಕೊಂಡು ನಕ್ಕರು, ಸಹಿ ಹಾಕಿದರು. ಒಂದು ಷರತ್ತು ಇಟ್ಟರು. ಪ್ರತಿ ತಿಂಗಳ ಮೊದಲ ಸೋಮವಾರ ಆ ಕೋಣೆಯಲ್ಲಿ ನಾನೂ ಕೂರಬೇಕು. ನಾನೇ ಕೇಳಬೇಕೆಂದಿದ್ದೆ ಅಜ್ಜಿ.

ಪರಿಚಯದ ಹಾಳೆಯನ್ನು ಬದಲಾಯಿಸಿದ್ದೇವೆ. ಕೊನೆಗೆ ಒಂದು ಸಾಲು ಸೇರಿದೆ: "ತಿಂಗಳಿಗೊಂದು ದಿನ ಫೋನ್ ಎತ್ತುತ್ತಾರೆ." ಬೆಕ್ಕನ್ನೂ ಸೇರಿಸೋಣ ಎಂದು ನಮ್ಮ ಕಾರ್ಯದರ್ಶಿ ಹಟ ಹಿಡಿದಿದ್ದಳು. ತಡೆದೆ.

ನಿನ್ನ ಪಿಟೀಲು


೧೩ ಏಪ್ರಿಲ್

ಪಿಟೀಲು,

ಬೆಕ್ಕನ್ನು ತಡೆದದ್ದು ತಪ್ಪು. ಕಾರ್ಯದರ್ಶಿ ಹೇಳಿದ್ದನ್ನು ಕೇಳಬೇಕಿತ್ತು. ಅವಳಿಗೆ ಒಂದು ಕುಪ್ಪಸ ಹೊಲಿದು ಕಳಿಸುತ್ತೇನೆ, ಅಳತೆ ತೆಗೆದು ಬರೆ.

ಹೊಸ ಹಾಳೆಯನ್ನು ಅಂಗಡಿಯ ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ಅಳತೆ ಕೊಡಲು ನಿಂತವರು ಓದದೆ ಇರುವ ಹಾಗಿಲ್ಲ. ಹಲ್ಲಿನ ಡಾಕ್ಟರು ಪೂರ್ತಿ ಓದಿ, "ಈಗ ಬದುಕಿರೋ ಹಾಗೆ ಕಾಣ್ತಾರೆ ಅಜ್ಜಿ" ಎಂದರು. ನಾಲ್ಕು ವರ್ಷದ ಹಿಂದೆ ಫೋನಿನಲ್ಲಿದ್ದ ಹುಡುಗಿ ಯಾರು ಎಂದು ನಿನ್ನಮ್ಮನಿಗೂ ಕೊನೆಗೆ ಹೇಳಿದೆ. ಇಸ್ತ್ರಿ ಪೆಟ್ಟಿಗೆಯನ್ನು ಹಾಗೇ ಮರೆತು ಯಾರದೋ ಅಂಗಿ ಸುಟ್ಟಳು. ಅಂಗಿಯವರು ಬಂದು ಕೂಗಾಡಿದರು. ನಾನು ಬಾಯಿ ತೆರೆದೆ, ಮುಚ್ಚಿದೆ, "ಅವಸರ ಇಲ್ಲ, ಮೊದಲಿಂದ ಹೇಳಿ" ಎಂದೆ. ನನ್ನ ಬಾಯಿಂದ ಅದು ಅಷ್ಟು ಚೆನ್ನಾಗಿ ಬರಲಿಲ್ಲ. ಅವರು ಇನ್ನೂ ಜೋರಾಗಿ ಕೂಗಿದರು. ಅದು ನಿನ್ನ ಬಾಯಿಗೇ ಸರಿ.

ಯಜಮಾನನಿಗೆ ನನ್ನ ನಮಸ್ಕಾರ ಹೇಳು. ಒಳ್ಳೆಯ ಮುದುಕ. ಗ್ರೀಸಿನ ಕೈ ಕಣ್ಣಿಗೆ ಹಚ್ಚಬಾರದು ಎಂದೂ ಹೇಳು. ನಿನ್ನ ಲೆಕ್ಕದವರಿಗೆ, ಮೂರು ವರ್ಷ ಎಂದರೆ ಮೂರು ವರ್ಷ, ನಾನು ಅಲ್ಲಿಯವರೆಗೆ ಗಟ್ಟಿಯಾಗಿರುತ್ತೇನೆ, ಆಮೇಲೆ ಮಾತಾಡುವುದಿದ್ದರೆ ನನ್ನ ಹತ್ತಿರ ಮಾತಾಡಲಿ ಎಂದು ಹೇಳು.

ಇನ್ನೊಂದು ವಿಷಯ. ಮುಂದಿನ ತಿಂಗಳ ಮೊದಲ ಸೋಮವಾರ ನನಗೆ ಹಲ್ಲುನೋವು ಬರುತ್ತದೆ. ಕಾವಲುಗಾರನಿಗೆ ಈಗಲೇ ಹೇಳಿಟ್ಟಿದ್ದೇನೆ. ಲಿಫ್ಟು ಹತ್ತಿ ಹಳದಿ ಗುಂಡಿ ಒತ್ತುತ್ತೇನೆ. ಅಷ್ಟು ಜನರಲ್ಲಿ ನಿನಗೇ ಸಿಗುತ್ತದೆಯೋ ಇಲ್ಲವೋ, ಸಿಕ್ಕರೆ ನಾನು ಯಾರೆಂದು ಗೊತ್ತಾದ ಹಾಗೆ ತೋರಿಸಿಕೊಳ್ಳಬೇಡ. ಎಲ್ಲರಿಗೂ ಒಂದೇ ತೂಕ. ನಾನೂ ತೋರಿಸಿಕೊಳ್ಳುವುದಿಲ್ಲ. ಒಂದೆರಡು ಹೊಸ ಬೈಗುಳ ಕೂಡಿಟ್ಟಿದ್ದೇನೆ. ನಿಮ್ಮ ನಿಯಮದ ಪ್ರಕಾರ ನಾನು ಹೊರಗೆ ಕಾಲಿಡುವವರೆಗೆ ನೀನು ಫೋನ್ ಇಡುವ ಹಾಗಿಲ್ಲವಂತಲ್ಲ. ಮೀಟಿಂಗ್ ಎನ್ನುವ ಹಾಗಿಲ್ಲ. ಆಮೇಲೆ ಎನ್ನುವ ಹಾಗಿಲ್ಲ. ಹೆದರಬೇಡ, ಬೇಗ ಇಳಿಯುತ್ತೇನೆ. ನಿಜವಾಗಿ ಸಿಕ್ಕಿಕೊಂಡವರು ಕಾಯುತ್ತಿರುತ್ತಾರೆ.

ಅಲ್ಲಿ ನೀನು ಆಡುವ ಮಾತು ಊರಿಗೆಲ್ಲ ಸೇರಿದ್ದು. ನನಗೊಬ್ಬಳಿಗೇ ಸೇರಿದ್ದು ಕಾಗದದಲ್ಲಿ ಬರಬೇಕು. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ನನ್ನ ಕೈಯಲ್ಲಿರಲಿ. ಕೂತುಕೋ, ಬರೆ.

ಅಜ್ಜಿ